ಮಗುವಿನ ಮಿಸುಕಾಟ ಕಡಿಮೆಯಾಯಿತು ಅನ್ನಿಸಿದರೆ ಬೆಳಗಿನವರೆಗೆ ಕಾಯಬೇಡಿ

ಏಳು ತಿಂಗಳು ತುಂಬಿದ ಮೇಲೆ ಚೆಕಪ್‌ಗೆ ಹೋದಾಗಲೆಲ್ಲ ಡಾಕ್ಟರು ತಪ್ಪದೆ ಕೇಳುವ ಪ್ರಶ್ನೆ: "ಮೂವ್‌ಮೆಂಟ್ ಚೆನ್ನಾಗಿದೆಯಾ?" ಹೆಚ್ಚಿನವರು "ಹ್ಞೂಂ" ಅಂದು ಮುಂದಿನ ಮಾತಿಗೆ ಹೋಗಿಬಿಡುತ್ತಾರೆ. ಸ್ಕ್ಯಾನಿಂಗ್ ಆಗುವುದು ಕೆಲವು ವಾರಗಳಿಗೊಮ್ಮೆ, ಅದೂ ಹತ್ತಿಪ್ಪತ್ತು ನಿಮಿಷ. ಮಿಕ್ಕ ಹೊತ್ತೆಲ್ಲ ಮಗುವಿನ ಸುದ್ದಿ ಗೊತ್ತಿರುವುದು ತಾಯಿಗೆ ಮಾತ್ರ. ಆ ಮಿಸುಕಾಟ ಎಂದಿನಂತಿಲ್ಲ ಅನ್ನಿಸಿದಾಗ ಏನು ಮಾಡಬೇಕು, ಆಸ್ಪತ್ರೆಯಲ್ಲಿ ಏನು ನೋಡುತ್ತಾರೆ, ಯಾವ ಸಮಾಧಾನದ ಮಾತುಗಳನ್ನು ನಂಬಬಾರದು ಅನ್ನುವುದನ್ನು ಇಲ್ಲಿ ಬಿಡಿಸಿ ಬರೆದಿದ್ದೇವೆ. ಈಗಲೇ ಅಂಥ ಆತಂಕದಲ್ಲಿದ್ದು ಇದನ್ನು ಓದುತ್ತಿದ್ದರೆ, ಓದುವುದನ್ನು ಇಲ್ಲಿಗೆ ನಿಲ್ಲಿಸಿ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ಮಿಕ್ಕಿದ್ದನ್ನು ಆಮೇಲೆ ಓದಬಹುದು.

ಮೊದಲು ನಿಮ್ಮ ಮಗುವಿನ ರೂಢಿ ತಿಳಿದಿರಲಿ

ಚೊಚ್ಚಲ ಬಸಿರಿನಲ್ಲಿ ಸಾಮಾನ್ಯವಾಗಿ 18ರಿಂದ 20ನೇ ವಾರದ ಹೊತ್ತಿಗೆ ಮಿಸುಕಾಟ ಗೊತ್ತಾಗುತ್ತದೆ. ಮೊದಲೇ ಒಂದು ಹೆರಿಗೆಯಾಗಿದ್ದರೆ 16ನೇ ವಾರಕ್ಕೇ ಗುರುತು ಸಿಗಬಹುದು. ಶುರುವಿನಲ್ಲಿ ಅದು ಗ್ಯಾಸೋ ಮಗುವೋ ಅನ್ನುವ ಅನುಮಾನ ಎಲ್ಲರಿಗೂ ಇರುತ್ತದೆ. 24 ವಾರ ತುಂಬಿದರೂ ಒಂದು ಸಲವೂ ಗೊತ್ತಾಗದಿದ್ದರೆ ಡಾಕ್ಟರಿಗೆ ತೋರಿಸಬೇಕು. 28ನೇ ವಾರದ ಆಸುಪಾಸಿಗೆ ಒಂದು ಕ್ರಮ ಕಾಣಿಸತೊಡಗುತ್ತದೆ. ಮಧ್ಯಾಹ್ನದ ಮೇಲೆ ಮತ್ತು ಸಂಜೆ ಹೆಚ್ಚು, ಬೆಳಗಿನ ಹೊತ್ತು ಕಡಿಮೆ ಅನ್ನುವುದು ಹಲವರಲ್ಲಿ ಕಾಣುವ ರೀತಿ. ನಿಮ್ಮ ಮಗು ರಾತ್ರಿ ಊಟವಾಗಿ ಮಲಗಿದ ಕೂಡಲೇ ಆಡುವುದೋ, ನಸುಕಿನಲ್ಲಿ ಎಬ್ಬಿಸುವುದೋ, ಅದನ್ನು ಗಮನಿಸಿಡಿ. ಪಕ್ಕದ ಮನೆಯವರ ಮಗು ಎಷ್ಟು ಸಲ ಒದೆಯುತ್ತಿತ್ತು ಅನ್ನುವ ಲೆಕ್ಕ ನಿಮಗೆ ಬೇಕಿಲ್ಲ. ನಿಮ್ಮದೇ ಹಿಂದಿನ ಬಸಿರಿನ ಲೆಕ್ಕವೂ ಬೇಕಿಲ್ಲ.

ಮಿಸುಕಾಟ ಸುಮಾರು 32ನೇ ವಾರದವರೆಗೆ ಹೆಚ್ಚುತ್ತ ಹೋಗಿ, ಅಲ್ಲಿಂದ ಹೆರಿಗೆಯವರೆಗೆ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿರುತ್ತದೆ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. "ಒಂಬತ್ತು ತುಂಬ್ತಲ್ಲ, ಒಳಗೆ ಜಾಗ ಇಲ್ಲ, ಅದಕ್ಕೇ ಸುಮ್ಮನಿದೆ" ಅನ್ನುವ ಮಾತು ಪ್ರತಿ ಮನೆಯಲ್ಲೂ ಕೇಳಿಬರುತ್ತದೆ. "ಹೊಟ್ಟೆ ಇಳಿದಿದೆ, ಇನ್ನು ಆಡಲ್ಲ" ಅನ್ನುವುದೂ ಅಷ್ಟೇ ಸಾಮಾನ್ಯ. ನಮಗೆ ಗೊತ್ತಿರುವ ತಪ್ಪು ಮಾತುಗಳಲ್ಲಿ ಇವೇ ಅತ್ಯಂತ ಅಪಾಯದವು, ಏಕೆಂದರೆ ಆಸ್ಪತ್ರೆಗೆ ಹೊರಟವರನ್ನು ಇವು ಹೊಸ್ತಿಲಲ್ಲೇ ನಿಲ್ಲಿಸುತ್ತವೆ. ಜಾಗ ಕಡಿಮೆಯಾದಾಗ ಬದಲಾಗುವುದು ಮಿಸುಕಾಟದ ಬಗೆ. ಚುರುಕಾದ ಒದೆತದ ಬದಲು ಹೊರಳುವುದು, ಉಜ್ಜುವುದು, ಹೊಟ್ಟೆಯ ಒಂದು ಕಡೆ ಉಬ್ಬಿ ಬರುವುದು ಹೆಚ್ಚಾಗುತ್ತದೆ. ಎಷ್ಟು ಸಲ ಅನ್ನುವುದು ಕಡಿಮೆಯಾಗಬಾರದು. ಹೆರಿಗೆ ನೋವು ಶುರುವಾದ ಮೇಲೂ ಮಗು ಮಿಸುಕಾಡುತ್ತಿರಬೇಕು.

ಮಗುವಿಗೂ ನಿದ್ದೆ ಇದೆ. ಒಂದು ನಿದ್ದೆ 20ರಿಂದ 40 ನಿಮಿಷ. ಆರೋಗ್ಯವಾಗಿರುವ ಮಗು 90 ನಿಮಿಷಕ್ಕಿಂತ ಹೆಚ್ಚು ಹೊತ್ತು ಅಲುಗದೆ ಮಲಗುವುದು ಅಪರೂಪ. ಒಂದೇ ಲಯದಲ್ಲಿ ಟಕ್ ಟಕ್ ಅಂತ ಬರುವ ಬಿಕ್ಕಳಿಕೆಯನ್ನು ಮಿಸುಕಾಟದ ಲೆಕ್ಕಕ್ಕೆ ಸೇರಿಸಬೇಡಿ. ಪ್ಲಾಸೆಂಟಾ ಅಂದರೆ ಮಾಸು ಹೊಟ್ಟೆಯ ಮುಂಭಾಗಕ್ಕಿದ್ದರೆ (ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ 'ಆಂಟೀರಿಯರ್' ಎಂದಿರುತ್ತದೆ) ಮೊದಲ ತಿಂಗಳುಗಳಲ್ಲಿ ಒದೆತ ಮಂದವಾಗಿ ತಿಳಿಯುತ್ತದೆ. ಆದರೆ 28 ವಾರ ದಾಟಿದ ಮೇಲೆ ಎಂದಿನ ಮಿಸುಕಾಟ ಕುಗ್ಗಿದರೆ ಅದಕ್ಕೆ ಮುಂಭಾಗದ ಮಾಸನ್ನು ನೆವ ಮಾಡಿಕೊಳ್ಳುವ ಹಾಗಿಲ್ಲ. ಬಲಗಡೆ ಒದ್ದರೆ ಗಂಡು, ಎಡಗಡೆ ಒದ್ದರೆ ಹೆಣ್ಣು ಅನ್ನುವುದಕ್ಕೂ ಅರ್ಥವಿಲ್ಲ. ಮಗುವಿನ ಬೆನ್ನು ಎಡಕ್ಕಿದ್ದರೆ ಕೈಕಾಲು ಬಲಕ್ಕೆ ತಾಗುತ್ತವೆ, ಅಷ್ಟೇ.

ಏಕೆ ಕಡಿಮೆಯಾಗುತ್ತದೆ

ಮಗುವಿಗೆ ಆಮ್ಲಜನಕವೂ ಆಹಾರವೂ ಮಾಸಿನ ಮೂಲಕವೇ ಬರಬೇಕು. ಬಿ.ಪಿ. ಏರಿದ್ದರೆ, ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ, ದಿನ ಮೀರಿದ್ದರೆ, ಅಥವಾ ಮಾಸು ಮೊದಲಿನಿಂದಲೇ ಸರಿಯಾಗಿ ಬೇರೂರದಿದ್ದರೆ ಆ ಪೂರೈಕೆ ಕುಗ್ಗುತ್ತದೆ. ಆಗ ಮಗು ಇರುವಷ್ಟನ್ನು ಮೆದುಳಿಗೆ, ಹೃದಯಕ್ಕೆ ಮೀಸಲಿಟ್ಟು ಕೈಕಾಲು ಆಡಿಸುವ ಖರ್ಚನ್ನು ಕಡಿತ ಮಾಡುತ್ತದೆ. ಹೊರಗಿನವರಿಗೆ ಸಿಗುವ ಮೊದಲ ಸುಳಿವು ಎಷ್ಟೋ ಸಲ ಇದೇ. ಆ ಹಂತದಲ್ಲಿ ಎದೆಬಡಿತ ಇನ್ನೂ ಸರಿಯಾಗಿಯೇ ಕೇಳಿಸುತ್ತಿರಬಹುದು. 'ಹಾರ್ಟ್‌ಬೀಟ್ ಇದೆ' ಅನ್ನುವುದೊಂದರಿಂದಲೇ ಮಗು ಆರಾಮವಾಗಿದೆ ಎಂದು ತೀರ್ಮಾನಿಸಬಾರದು ಅನ್ನುವುದು ಇದಕ್ಕೇ.

ಇದಲ್ಲದೆ ಗರ್ಭದ ನೀರು ಕಡಿಮೆಯಾಗಿರಬಹುದು, ಮಾಸು ಗರ್ಭಕೋಶದಿಂದ ಬಿಡಿಸಿಕೊಳ್ಳುತ್ತಿರಬಹುದು, ಸೋಂಕಿರಬಹುದು, ಅಪರೂಪಕ್ಕೆ ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸೋರಿ ಮಗುವಿಗೆ ರಕ್ತಹೀನತೆ ಆಗಿರಬಹುದು. ಅಂಗೈ ಅಂಗಾಲಿನಲ್ಲಿ, ಅದರಲ್ಲೂ ರಾತ್ರಿ, ಗುಳ್ಳೆಯಿಲ್ಲದೆ ವಿಪರೀತ ತುರಿಕೆ ಇದ್ದರೆ ಯಕೃತ್ತಿನ ತೊಂದರೆ ಇರಬಹುದು. ಅದನ್ನೂ ಡಾಕ್ಟರಿಗೆ ತಪ್ಪದೆ ಹೇಳಿ.

ಭಯವಿಲ್ಲದ ಕಾರಣಗಳೂ ಇವೆ. ಮಗು ನಿದ್ದೆಯಲ್ಲಿರಬಹುದು. ತಾಯಿ ದಿನವಿಡೀ ಓಡಾಟದಲ್ಲಿದ್ದು ಗಮನಿಸದೇ ಇರಬಹುದು. ಸೀಮಂತದ ದಿನ, ಬಸ್ಸಿನ ಪ್ರಯಾಣದ ದಿನ ಹೀಗಾಗುವುದು ಸಹಜ. ನಿದ್ದೆ ಮಾತ್ರೆ, ತೀವ್ರ ನೋವಿನ ಔಷಧಿಗಳೂ ಮಗುವನ್ನು ಮಂಕಾಗಿಸುತ್ತವೆ. ಹೆರಿಗೆ ಬೇಗ ಆಗುವ ಸೂಚನೆಯಿದ್ದಾಗ ಮಗುವಿನ ಶ್ವಾಸಕೋಶ ಬಲಿಯಲೆಂದು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಕೊಡುತ್ತಾರೆ: 6 ಮಿಲಿಗ್ರಾಂನಂತೆ 12 ಗಂಟೆಗೊಂದು, ಒಟ್ಟು ನಾಲ್ಕು. ಅದಾದ ಮೇಲೆ ಒಂದೆರಡು ದಿನ ಮಿಸುಕಾಟ ಕಡಿಮೆ ಅನ್ನಿಸಬಹುದು. ಆದರೆ ಇದು ನಿದ್ದೆಯೋ, ಔಷಧಿಯೋ, ಪೂರೈಕೆಯ ಕೊರತೆಯೋ ಎಂದು ಮನೆಯಲ್ಲಿ ಕೂತು ಬೇರ್ಪಡಿಸುವುದಕ್ಕೆ ಯಾರಿಂದಲೂ ಆಗುವುದಿಲ್ಲ. ಡಾಕ್ಟರಿಂದಲೂ ಆಗುವುದಿಲ್ಲ, ಅದಕ್ಕೇ ಅವರು ಫೋನಿನಲ್ಲಿ ಕೇಳಿ "ಬನ್ನಿ" ಅನ್ನುತ್ತಾರೆ.

ಎಣಿಸಬೇಕೆ?

ನಮ್ಮಲ್ಲಿ ಹೇಳಿಕೊಡುವ ಪದ್ಧತಿ ಹೀಗಿದೆ: ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಊಟವಾದ ಮೇಲೆ ಒಂದೊಂದು ಗಂಟೆ ಎಡಮಗ್ಗುಲಿಗೆ ಮಲಗಿ ಎಣಿಸಿ. ಮೂರೂ ಸೇರಿಸಿ ನಾಲ್ಕರಿಂದ ಗುಣಿಸಿದರೆ 12 ಗಂಟೆಯ ಅಂದಾಜು ಸಿಗುತ್ತದೆ. ಅದು 10ಕ್ಕಿಂತ ಕಡಿಮೆಯಿದ್ದರೆ, ಅಥವಾ ಒಂದು ಗಂಟೆಯಲ್ಲಿ 3 ಕೂಡ ಸಿಗದಿದ್ದರೆ ಆಸ್ಪತ್ರೆಗೆ ಬನ್ನಿ. ಇನ್ನೊಂದು ಪದ್ಧತಿಯಲ್ಲಿ, ಮಲಗಿ ಗಮನಿಸಿದಾಗ ಎರಡು ಗಂಟೆಯೊಳಗೆ 10 ಸಲ ಮಿಸುಕಾಡಬೇಕು. ಅಮೆರಿಕದಲ್ಲಿರುವ ನಮ್ಮವರಿಗೆ ಹೆಚ್ಚಾಗಿ ಇದನ್ನೇ ಹೇಳುತ್ತಾರೆ. ಬ್ರಿಟನ್‌ನಲ್ಲಿ ಈಗ ಇಂತಿಷ್ಟು ಎಂಬ ಸಂಖ್ಯೆಯನ್ನೇ ಹೇಳುವುದಿಲ್ಲ. ಎಂದಿನಂತಿಲ್ಲ ಅನ್ನಿಸಿದ ಕೂಡಲೇ ಹೆರಿಗೆ ವಿಭಾಗಕ್ಕೆ ಫೋನ್ ಮಾಡಿ, ಹಗಲಾಗಲಿ ರಾತ್ರಿಯಾಗಲಿ, ಅನ್ನುತ್ತಾರೆ.

ಎಣಿಕೆಯ ದೊಡ್ಡ ಲೋಪ ಒಂದಿದೆ. ಗಂಟೆಗೆ ಹದಿನೈದು ಸಲ ಆಡುತ್ತಿದ್ದ ಮಗು ನಾಲ್ಕಕ್ಕೆ ಇಳಿದರೆ ಲೆಕ್ಕದ ಪ್ರಕಾರ ಅದು ಪಾಸು. ತಾಯಿಗೆ ಮಾತ್ರ ಏನೋ ಸರಿಯಿಲ್ಲ ಎಂದು ಗೊತ್ತಾಗಿರುತ್ತದೆ. ಅಂಥ ಹೊತ್ತಲ್ಲಿ ಸಂಖ್ಯೆಯನ್ನು ಬಿಟ್ಟು ತಾಯಿಯ ಮಾತನ್ನು ನಂಬಬೇಕು ಅನ್ನುವುದು ನಮ್ಮ ಖಚಿತ ಅಭಿಪ್ರಾಯ. 1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು 68,000 ಗರ್ಭಿಣಿಯರನ್ನು ಒಳಗೊಂಡಿತ್ತು. ದಿನವೂ ಎಣಿಸಿ ಚಾರ್ಟ್ ಬರೆದವರಲ್ಲಿ ಹೊಟ್ಟೆಯಲ್ಲೇ ಮಗು ತೀರಿಕೊಳ್ಳುವುದು ಕಡಿಮೆಯಾಗಲಿಲ್ಲ. ಚಾರ್ಟ್ ತುಂಬಿಸುವುದರಿಂದ ಕೆಲಸವಾಗದು. ಬದಲಾವಣೆ ಕಂಡ ಮೇಲೆ ಎಷ್ಟು ಬೇಗ ಹೊರಟಿರಿ, ಅಲ್ಲಿ ಎಷ್ಟು ಬೇಗ ನೋಡಿದರು ಅನ್ನುವುದೂ ಸೇರಬೇಕು. ಆದರೂ ಡಾಕ್ಟರು ಎಣಿಸಿ ಎಂದಿದ್ದರೆ ಎಣಿಸಿ, ಅದರಿಂದ ಮಗುವಿನ ರೂಢಿಯಾದರೂ ಪರಿಚಯವಾಗುತ್ತದೆ.

ಅನುಮಾನ ಬಂದ ಹೊತ್ತಿನಲ್ಲಿ

ಮಿಸುಕಾಟ ಕಡಿಮೆಯಾಗಿದೆ ಅಥವಾ ನಿಂತಿದೆ ಎಂದು ಖಚಿತವಾಗಿದ್ದರೆ ಎಣಿಸುತ್ತ ಕೂರಬೇಡಿ, ಹೊರಡಿ. ಕೆಲಸದ ಗಡಿಬಿಡಿಯಲ್ಲಿ ಗಮನಿಸಲಿಲ್ಲವೋ ಏನೋ ಅನ್ನುವ ಗೊಂದಲವಿದ್ದರೆ ಮಾತ್ರ ಹೀಗೆ ಮಾಡಿ. ಮೂತ್ರಕ್ಕೆ ಹೋಗಿಬನ್ನಿ. ಟಿವಿ, ಮೊಬೈಲ್ ಆರಿಸಿ. ಎಡಮಗ್ಗುಲಿಗೆ ಮಲಗಿ, ಹೊಟ್ಟೆಯ ಮೇಲೆ ಕೈಯಿಟ್ಟು, ಗಡಿಯಾರ ನೋಡಿಕೊಂಡು ಗಮನಿಸಿ. ಒಂದು ಒದೆತ, ಒಂದು ಹೊರಳು, ಒಂದು ತಿವಿತ, ಯಾವುದಾದರೂ ಒಂದು ಲೆಕ್ಕ. ಎರಡು ಗಂಟೆಯಲ್ಲಿ 10 ಆಗದಿದ್ದರೆ ಹೊರಡಿ. ಎರಡು ಗಂಟೆ ಅನ್ನುವುದು ಹೆಚ್ಚೆಂದರೆ ಅಷ್ಟು ಅನ್ನುವ ಗಡುವು. ಅರ್ಧ ಗಂಟೆಗೇ ಮನಸ್ಸು ಒಪ್ಪದಿದ್ದರೆ ಆಗಲೇ ಎದ್ದು ಹೊರಡಬಹುದು.

ತಣ್ಣೀರು ಕುಡಿ, ಜ್ಯೂಸ್ ಕುಡಿ, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೋ, ಮಗು ಏಳುತ್ತದೆ ಎಂದು ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಕುಡಿಯುವುದರಲ್ಲಿ, ತಿನ್ನುವುದರಲ್ಲಿ ತಪ್ಪಿಲ್ಲ. ಆದರೆ ಅದರಿಂದ ಮಗುವಿನ ಸ್ಥಿತಿ ತಿಳಿಯುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಒಂದು ಸಲ ಅಲುಗಿತು ಎಂದು ಸಮಾಧಾನಪಟ್ಟು ಮಲಗಿಬಿಟ್ಟರೆ ಅಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ.

ಆನ್‌ಲೈನಿನಲ್ಲಿ ಕೊಳ್ಳುವ ಡಾಪ್ಲರ್ ಸಾಧನ, ಹಾರ್ಟ್‌ಬೀಟ್ ಕೇಳಿಸುತ್ತೇವೆ ಅನ್ನುವ ಮೊಬೈಲ್ ಆ್ಯಪ್, ಇವನ್ನು ದಯವಿಟ್ಟು ನಂಬಬೇಡಿ. ಮಗುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160. ಗಾಬರಿಯಾದ ತಾಯಿಯ ನಾಡಿ ಸಲೀಸಾಗಿ 120 ದಾಟುತ್ತದೆ. ತಾಯಿಯ ದೊಡ್ಡ ರಕ್ತನಾಳದ ಸದ್ದೂ ಮಾಸಿನ ಸದ್ದೂ ಅಭ್ಯಾಸವಿಲ್ಲದ ಕಿವಿಗೆ ಮಗುವಿನ ಎದೆಬಡಿತದ ಹಾಗೇ ಕೇಳಿಸುತ್ತವೆ. ನುರಿತ ನರ್ಸ್ ಕೂಡ ಒಂದು ಕೈಯಲ್ಲಿ ತಾಯಿಯ ನಾಡಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಡಾಪ್ಲರ್ ಇಡುತ್ತಾರೆ, ಎರಡೂ ಬೇರೆ ಬೇರೆ ಎಂದು ಖಚಿತಪಡಿಸಿಕೊಳ್ಳಲು.

ಮಗು ಮಾಮೂಲಿಗಿಂತ ಚುರುಕಾಗಿ ಒದ್ದರೆ ಹೆಚ್ಚಿನ ಸಲ ಅದು ಒಳ್ಳೆಯ ಲಕ್ಷಣವೇ. ಆದರೆ ಹಿಂದೆಂದೂ ಇಲ್ಲದ ಹಾಗೆ ಒಮ್ಮೆಲೇ ಒದ್ದಾಡಿ ಆಮೇಲೆ ಸ್ತಬ್ಧವಾದರೆ ತಕ್ಷಣ ತೋರಿಸಬೇಕು. ಮಿಸುಕಾಟ ಕಡಿಮೆಯಾಗುವುದರ ಜೊತೆ ರಕ್ತಸ್ರಾವ, ಬಿಡದೆ ಕಲ್ಲಿನಂತೆ ಗಟ್ಟಿಯಾದ ಹೊಟ್ಟೆ, ನೀರು ಹೋಗುವುದು (ಹಸಿರು ಬಣ್ಣವಿದ್ದರಂತೂ), ತಲೆ ಸಿಡಿತ, ಕಣ್ಣು ಮಂಜಾಗುವುದು, ಜ್ವರ, ಬಿದ್ದು ಹೊಟ್ಟೆಗೆ ಪೆಟ್ಟಾದದ್ದು, ಇವುಗಳಲ್ಲಿ ಒಂದಿದ್ದರೂ ಫೋನ್ ಮಾಡಿ ಕೇಳುವ ಮಾತೇ ಇಲ್ಲ, 108ಕ್ಕೆ ಕರೆ ಮಾಡಿ.

ತವರಿಗೆ ಬಂದಿರುವವರಿಗೆ

ನಮ್ಮ ಕಡೆ ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತಾರೆ. ಮಿಸುಕಾಟದ ಮೇಲೆ ಕಣ್ಣಿಡಬೇಕಾದ ವಾರಗಳಲ್ಲೇ ಊರು, ಡಾಕ್ಟರು, ಆಸ್ಪತ್ರೆ ಎಲ್ಲವೂ ಬದಲಾಗುತ್ತವೆ. ಹೊಸ ಆಸ್ಪತ್ರೆಯಲ್ಲಿ ಇನ್ನೂ ಹೆಸರು ಬರೆಸಿರುವುದಿಲ್ಲ, ಹಳೆಯ ಫೈಲು ಗಂಡನ ಮನೆಯಲ್ಲಿ ಉಳಿದಿರುತ್ತದೆ. ತವರಿಗೆ ಬಂದ ವಾರದೊಳಗೇ ಒಮ್ಮೆ ತೋರಿಸಿ ಹೆಸರು ಬರೆಸಿ. ರಾತ್ರಿ ಎರಡು ಗಂಟೆಗೆ ಬಂದರೆ ಮಗುವಿನ ಎದೆಬಡಿತವನ್ನು ಗೆರೆಯಾಗಿ ಬರೆದುಕೊಳ್ಳುವ ಸಿಟಿಜಿ ಯಂತ್ರ ಇದೆಯೇ, ಡಾಕ್ಟರು ಇರುತ್ತಾರೆಯೇ, ಸಿಸೇರಿಯನ್ ಮಾಡುವ ವ್ಯವಸ್ಥೆ ಇದೆಯೇ, ಈ ಮೂರನ್ನು ನೇರವಾಗಿ ಕೇಳಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇವೆಲ್ಲ ಇರುವುದು ಕಷ್ಟ, ಆದ್ದರಿಂದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ದಾರಿ ಮೊದಲೇ ತಿಳಿದಿರಲಿ. ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿ ಗೋಷನ್‌ನಂಥ ದೊಡ್ಡ ಸರ್ಕಾರಿ ಹೆರಿಗೆ ಆಸ್ಪತ್ರೆಗಳು ಹಗಲೂ ರಾತ್ರಿ ತೆರೆದಿರುತ್ತವೆ. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯ ಪರೀಕ್ಷೆ, ಔಷಧಿ, ಹೆರಿಗೆ, ಅಲ್ಲಿಗೆ ಹೋಗುವ ವಾಹನ ಎಲ್ಲ ಉಚಿತ. ದುಡ್ಡಿನ ಯೋಚನೆಯಿಂದ ತಡ ಮಾಡಬೇಕಿಲ್ಲ. ಊರಿನ ಆಶಾ ಕಾರ್ಯಕರ್ತೆಯ ನಂಬರ್ ಮೊಬೈಲಿನಲ್ಲಿರಲಿ.

ಫೋನಿನಲ್ಲಿ ಹೇಳುವ ಮಾತು ಚುಟುಕಾಗಿರಲಿ: "ಮೇಡಂ, ನನಗೆ 35 ವಾರ, ಮೊದಲನೇ ಹೆರಿಗೆ. ನಿನ್ನೆ ಸಂಜೆಯಿಂದ ಮಗುವಿನ ಮೂವ್‌ಮೆಂಟ್ ಎಂದಿನಂತಿಲ್ಲ. ಬಿ.ಪಿ. ಮಾತ್ರೆ ತಗೊಳ್ತಿದ್ದೀನಿ. ಬ್ಲೀಡಿಂಗ್ ಇಲ್ಲ. ಈಗ ಹೊರಟು ಬರ್ತಿದ್ದೀನಿ." ಬರಲೇ ಎಂದು ಕೇಳಬೇಡಿ, ಬರುತ್ತಿದ್ದೇನೆ ಎಂದು ಹೇಳಿ. ತಾಯಿ ಕಾರ್ಡ್, ಎಲ್ಲ ಸ್ಕ್ಯಾನಿಂಗ್ ರಿಪೋರ್ಟು, ರಕ್ತದ ಗುಂಪಿನ ಚೀಟಿ, ತೆಗೆದುಕೊಳ್ಳುತ್ತಿರುವ ಮಾತ್ರೆಗಳು ಒಂದೇ ಚೀಲದಲ್ಲಿ ಬಾಗಿಲ ಹತ್ತಿರ ಇರಲಿ. ಮನೆಯವರು "ಬೆಳಿಗ್ಗೆ ನೋಡೋಣಮ್ಮ" ಅಂದರೆ, "ಏನೂ ಇಲ್ಲ ಅಂತ ಅವರೇ ಹೇಳಲಿ, ಬೆಳಗ್ಗೆ ಒಳಗೆ ವಾಪಸ್ ಬಂದುಬಿಡೋಣ" ಎಂದು ಎದ್ದುಬಿಡಿ.

ಆಸ್ಪತ್ರೆಯಲ್ಲಿ

ಮೊದಲು ಎದೆಬಡಿತ ಇದೆಯೇ ಎಂದು ಡಾಪ್ಲರ್ ಇಟ್ಟು ನೋಡುತ್ತಾರೆ. ಬಿ.ಪಿ., ನಾಡಿ, ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆಯಾಗುತ್ತದೆ. ಟೇಪಿನಿಂದ ಹೊಟ್ಟೆಯ ಎತ್ತರ ಅಳೆಯುತ್ತಾರೆ. 24 ವಾರದ ನಂತರ ಆ ಸೆಂಟಿಮೀಟರು ಹೆಚ್ಚುಕಡಿಮೆ ವಾರದ ಸಂಖ್ಯೆಯಷ್ಟೇ ಇರಬೇಕು. 34 ವಾರಕ್ಕೆ 29 ಸೆಂಟಿಮೀಟರ್ ಬಂದರೆ ಮಗುವಿನ ಬೆಳವಣಿಗೆಯ ಬಗ್ಗೆ ಪ್ರಶ್ನೆ ಏಳುತ್ತದೆ.

28 ವಾರ ದಾಟಿದ್ದರೆ ಆಮೇಲೆ ಸಿಟಿಜಿ. ನಮ್ಮಲ್ಲಿ ಎನ್‌ಎಸ್‌ಟಿ ಎಂದೂ ಕರೆಯುತ್ತಾರೆ. ಬೆನ್ನಿಗೆ ದಿಂಬು ಕೊಟ್ಟು ಸ್ವಲ್ಪ ಎಡಕ್ಕೆ ವಾಲಿಸಿ ಮಲಗಿಸುತ್ತಾರೆ. ಹೊಟ್ಟೆಗೆ ಎರಡು ಬೆಲ್ಟು. ತಣ್ಣನೆಯ ಜೆಲ್ ಹಚ್ಚಿ ಕೂರಿಸಿದ ಒಂದು ಬಿಲ್ಲೆ ಎದೆಬಡಿತ ಹಿಡಿಯುತ್ತದೆ, ಮೇಲ್ಭಾಗದ ಇನ್ನೊಂದು ಗರ್ಭಕೋಶ ಬಿಗಿಯಾಗುವುದನ್ನು ಬರೆದುಕೊಳ್ಳುತ್ತದೆ. ಕೈಗೊಂದು ಗುಂಡಿ ಕೊಟ್ಟು ಮಗು ಅಲುಗಿದಾಗಲೆಲ್ಲ ಒತ್ತಿ ಅನ್ನುತ್ತಾರೆ. ಕನಿಷ್ಠ 20 ನಿಮಿಷ, ಮಗು ನಿದ್ದೆಯಲ್ಲಿದ್ದರೆ 40 ನಿಮಿಷ ಅಥವಾ ಇನ್ನೂ ಹೆಚ್ಚು ಹಿಡಿಯುತ್ತದೆ. ನೋಡುವುದು ಮುಖ್ಯವಾಗಿ ಇಷ್ಟು: ಬಡಿತ 110–160ರ ಒಳಗಿದೆಯೇ, ಗೆರೆ ಸಪಾಟಾಗಿರದೆ ಗರಗಸದ ಹಲ್ಲಿನ ಹಾಗೆ ಸಣ್ಣಸಣ್ಣ ಏರಿಳಿತ ಇದೆಯೇ, 20 ನಿಮಿಷದಲ್ಲಿ ಎರಡು ಸಲವಾದರೂ ಬಡಿತ 15ರಷ್ಟು ಏರಿ 15 ಸೆಕೆಂಡ್ ನಿಲ್ಲುತ್ತದೆಯೇ (32 ವಾರಕ್ಕಿಂತ ಚಿಕ್ಕ ಮಗುವಿನಲ್ಲಿ ಈ ಏರಿಕೆ ಕಡಿಮೆ ಇರುವುದು ಸಹಜ), ಬಡಿತ ಕುಸಿಯುತ್ತಿದೆಯೇ. ಮಧ್ಯೆ ಸದ್ದು ನಿಂತುಹೋದರೆ ಎದೆ ಒಡೆದುಕೊಳ್ಳಬೇಡಿ. ಮಗು ಹೊರಳಿ ಬಿಲ್ಲೆಯಿಂದ ತಪ್ಪಿಸಿಕೊಂಡಿರುವುದೇ ಹೆಚ್ಚು, ನರ್ಸ್ ಬಂದು ಸರಿಪಡಿಸುತ್ತಾರೆ.

ಸಿಟಿಜಿ ಹೇಳುವುದು ಆ ಹೊತ್ತಿನ ಸ್ಥಿತಿಯನ್ನು ಮಾತ್ರ. ಮಗು ಸಣ್ಣದೆಂಬ ಅನುಮಾನವಿದ್ದರೆ, ಬಿ.ಪಿ., ಸಕ್ಕರೆ ಇದ್ದರೆ, ಹಿಂದೆ ಮಗು ಕಳೆದುಕೊಂಡಿದ್ದರೆ, ಅಥವಾ ಸಿಟಿಜಿ ಸರಿ ಬಂದರೂ ಮಿಸುಕಾಟ ಇನ್ನೂ ಕಡಿಮೆಯೇ ಇದ್ದರೆ ಸ್ಕ್ಯಾನಿಂಗ್ ಬೇಕು. ಅದರಲ್ಲಿ ಮಗುವಿನ ತೂಕ, ಗರ್ಭದ ನೀರು, ಹೊಕ್ಕುಳಬಳ್ಳಿಯ ರಕ್ತದ ಹರಿವು ನೋಡುತ್ತಾರೆ. ನೀರಿನ ಅಳತೆ ಎಎಫ್‌ಐ ಎಂದು ಬರೆದಿರುತ್ತದೆ, 5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಕೊರತೆ. ಎಎಫ್‌ಐ 9 ಇದೆ, ಹಿಂದಿನ ಸಲ 12 ಇತ್ತು ಎಂದು ನಿದ್ದೆಗೆಡುವವರು ಬಹಳ. ತಿಂಗಳು ತುಂಬುತ್ತ ಬಂದ ಹಾಗೆ ಅದು ಸ್ವಲ್ಪ ಇಳಿಯುವುದು ಸ್ವಾಭಾವಿಕ.

ಎಲ್ಲ ಸರಿಯಿದೆ ಅಂದ ಮೇಲೆ

ಬ್ರಿಟನ್‌ನ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು 2011ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ಒಂದು ಸಲ ಮಿಸುಕಾಟ ಕಡಿಮೆಯಾಗಿದೆ ಎಂದು ಬಂದವರಲ್ಲಿ ಶೇ. 70ರಷ್ಟು ಮಂದಿಗೆ ಮುಂದೆ ಯಾವ ತೊಂದರೆಯೂ ಇಲ್ಲದೆ ಹೆರಿಗೆಯಾಗುತ್ತದೆ. ಅದೇ ಮಾರ್ಗಸೂಚಿಯ ಇನ್ನೊಂದು ಅಂಕಿ: ಹೊಟ್ಟೆಯಲ್ಲೇ ಮಗು ಕಳೆದುಕೊಂಡವರಲ್ಲಿ ಶೇ. 55 ಮಂದಿ ಅದಕ್ಕೂ ಮುಂಚೆ ಮಿಸುಕಾಟ ಕುಗ್ಗಿದ್ದನ್ನು ಗಮನಿಸಿದ್ದರು. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಮನೆಗೆ ಕಳಿಸುವ ಮುಂಚೆ ಫೈಲಿನಲ್ಲಿ 'ಮಿಸುಕಾಟ ಕಡಿಮೆ ಎಂದು ಬಂದಿದ್ದರು' ಅನ್ನುವುದು ದಿನಾಂಕ ಸಮೇತ ಬರೆಸಿಕೊಳ್ಳಿ. ಸಿಟಿಜಿ ಹಾಳೆಯ ಪ್ರತಿ ಇಟ್ಟುಕೊಳ್ಳಿ, ಆ ಮಸಿ ಬೇಗ ಮಾಸುವುದರಿಂದ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ರಾತ್ರಿ ಮಗ್ಗುಲಿಗೆ ಮಲಗಿ. 28 ವಾರದ ನಂತರ ಅಂಗಾತ ಮಲಗಿ ನಿದ್ದೆ ಹೋಗುವವರಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಸಂಭವ ಎರಡು ಪಟ್ಟಿಗಿಂತ ಹೆಚ್ಚು ಎಂದು ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಬ್ರಿಟನ್‌ಗಳ ಅಧ್ಯಯನಗಳು ತೋರಿಸಿವೆ. ಎಡವೋ ಬಲವೋ ಯಾವುದಾದರೂ ಆದೀತು. ಎಚ್ಚರವಾದಾಗ ಅಂಗಾತ ಇದ್ದರೆ ಗಾಬರಿಯಿಲ್ಲದೆ ಮಗ್ಗುಲು ಬದಲಿಸಿ.

ಮೂರು ದಿನ ಬಿಟ್ಟು ಮತ್ತೆ ಹಾಗೇ ಅನ್ನಿಸಿದರೆ ಮತ್ತೆ ಹೋಗಬೇಕು. "ಮೊನ್ನೆ ತಾನೇ ಬಂದಿದ್ರಲ್ಲ" ಎಂದು ಯಾರಾದರೂ ಗೊಣಗಿದರೂ ಸರಿ. ಪದೇಪದೇ ಹೀಗಾಗುವವರಲ್ಲಿ ತೊಂದರೆಯ ಸಂಭವ ಹೆಚ್ಚು, ಆದ್ದರಿಂದ ಎರಡನೇ ಸಲ ಸ್ಕ್ಯಾನಿಂಗ್ ಆಗದಿದ್ದರೆ ಏಕೆ ಬೇಡ ಎಂದು ಕೇಳಿ. ಹೆರಿಗೆ ಮಾಡಿಸಿಬಿಡೋಣ ಅನ್ನುವ ಮಾತು ಬಂದರೆ ವಾರ ಎಷ್ಟು ಅನ್ನುವುದು ಮುಖ್ಯ. 39 ವಾರ ತುಂಬಿದ್ದರೆ ನೋವು ಬರಿಸುವ ಬಗ್ಗೆ ಡಾಕ್ಟರ ಜೊತೆ ಮಾತಾಡಬಹುದು. ಅದಕ್ಕೂ ಮೊದಲು ಸಿಟಿಜಿ, ಸ್ಕ್ಯಾನಿಂಗ್ ಎರಡೂ ಸರಿಯಿದ್ದರೆ ಮಿಸುಕಾಟದ ಕಾರಣವೊಂದಕ್ಕೇ ಅವಸರ ಮಾಡದಿರುವುದು ಒಳ್ಳೆಯದು. 2018ರಲ್ಲಿ ಪ್ರಕಟವಾದ ಬ್ರಿಟನ್ ಮತ್ತು ಐರ್ಲೆಂಡಿನ ಅಧ್ಯಯನದಲ್ಲಿ 4 ಲಕ್ಷಕ್ಕೂ ಹೆಚ್ಚು ಗರ್ಭಿಣಿಯರಿದ್ದರು. ಮಿಸುಕಾಟದ ಬಗ್ಗೆ ತಿಳಿವಳಿಕೆ ಕೊಟ್ಟು, ಕಡಿಮೆ ಎಂದು ಬಂದವರನ್ನು ಒಂದೇ ಕ್ರಮದಲ್ಲಿ ಪರೀಕ್ಷಿಸಿ ಬೇಗ ಹೆರಿಗೆ ಮಾಡಿಸುವ ವಿಧಾನದಿಂದ ಸಿಸೇರಿಯನ್, ನೋವು ಬರಿಸುವುದು ಹೆಚ್ಚಿದವೇ ಹೊರತು, ಸಾವುಗಳು ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. 36–37 ವಾರದಲ್ಲಿ ಹುಟ್ಟಿದ ಮಗುವಿಗೆ ಉಸಿರಾಟದ ತೊಂದರೆ, ಕಾಮಾಲೆ, ಹಾಲು ಕುಡಿಯಲು ಕಷ್ಟ ಬರುವುದು ಹೆಚ್ಚು. ಸಿಟಿಜಿ ಕೆಟ್ಟಿದ್ದರೆ, ಹೊಕ್ಕುಳಬಳ್ಳಿಯ ಹರಿವು ಕುಗ್ಗಿದ್ದರೆ ಮಾತ್ರ ಈ ಲೆಕ್ಕ ತಿರುಗುತ್ತದೆ, ಆಗ ಡಾಕ್ಟರು ಇವತ್ತೇ ಅಂದರೆ ಇವತ್ತೇ.